ರಾಕೆಟ್ ಇಂಧನಗಳ ಸಾಗಣೆ: ಸಾರ್ವಜನಿಕ ಸುರಕ್ಷತೆ ಮತ್ತು ರವಾನೆದಾರರ ಹೊಣೆ

ಉಪಗ್ರಹ ಉಡಾವಣೆಯ ದಿನ ಎಲ್ಲರ ಗಮನ ಆಕಾಶದತ್ತ ಇರುತ್ತದೆ. ಆದರೆ ರಾಕೆಟ್ಟಿಗೆ ಬೇಕಾದ ರಾಸಾಯನಿಕಗಳು ತಯಾರಾಗುವ ಸ್ಥಳ ಒಂದು, ಬಳಕೆಯಾಗುವ ಸ್ಥಳ ಇನ್ನೊಂದು. ಇವೆರಡರ ನಡುವಿನ ದಾರಿಯಲ್ಲಿ ಸುರಕ್ಷತೆಯು ವಿಜ್ಞಾನಿಗಳಿಗಿಂತ ಹೆಚ್ಚಾಗಿ ಸರಕು ಕಳುಹಿಸುವವರು, ಸಾಗಣೆದಾರರು ಮತ್ತು ಚಾಲಕರ ಕೈಯಲ್ಲಿರುತ್ತದೆ.

ಅಪಾಯದ ಸ್ವರೂಪ

ಪಿ.ಎಸ್.ಎಲ್.ವಿ. ರಾಕೆಟ್ಟಿನ ಎರಡನೆಯ ಹಂತದ ವಿಕಾಸ್ ಎಂಜಿನ್ ಎರಡು ದ್ರವಗಳನ್ನು ಬಳಸುತ್ತದೆ. ಒಂದು ಇಂಧನ, ಇದರಲ್ಲಿ ಶೇ. 75 ಯು.ಡಿ.ಎಂ.ಎಚ್. ಹಾಗೂ ಶೇ. 25 ಹೈಡ್ರಜೀನ್ ಹೈಡ್ರೇಟ್ ಇರುತ್ತದೆ. ಇನ್ನೊಂದು, ದಹನಕ್ಕೆ ಆಮ್ಲಜನಕ ಒದಗಿಸುವ ನೈಟ್ರೋಜನ್ ಟೆಟ್ರಾಕ್ಸೈಡ್. ಇವು ಪರಸ್ಪರ ತಾಗಿದೊಡನೆ ಕಿಡಿಯ ನೆರವಿಲ್ಲದೆಯೇ ಹೊತ್ತಿಕೊಳ್ಳುತ್ತವೆ. ಎಂಜಿನ್ನಿನಲ್ಲಿ ಅನುಕೂಲವಾದ ಈ ಗುಣವೇ ರಸ್ತೆಯ ಮೇಲೆ ಅಪಾಯಕಾರಿ.

ನೈಟ್ರೋಜನ್ ಟೆಟ್ರಾಕ್ಸೈಡ್ ಸುಮಾರು 21 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಸೋರಿದರೆ ಕೆಂಗಂದು ಬಣ್ಣದ ವಿಷಾನಿಲವಾಗಿ, ಗಾಳಿಗಿಂತ ಭಾರವಾದ ಕಾರಣ ತಗ್ಗು ಪ್ರದೇಶಗಳಲ್ಲಿ ಹರಡುತ್ತದೆ. ಅದನ್ನು ಉಸಿರಾಡಿದವರಲ್ಲಿ ಶ್ವಾಸಕೋಶದ ತೊಂದರೆ ಹಲವು ಗಂಟೆಗಳ ಬಳಿಕ ಕಾಣಿಸಿಕೊಳ್ಳಬಹುದು.

ಬೊಗಲೂಸಾದ ಪಾಠ

ಈ ದ್ರವವು ಕಾರ್ಖಾನೆಗಳಲ್ಲಿಯೂ ಬಳಕೆಯಲ್ಲಿದೆ. 1995ರ ಅಕ್ಟೋಬರ್ 23ರಂದು ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಪಟ್ಟಣದಲ್ಲಿ, ಕಾರ್ಖಾನೆಯೊಂದರ ಆವರಣದಲ್ಲಿ ನಿಂತಿದ್ದ ರೈಲ್ವೆ ಟ್ಯಾಂಕ್ ವ್ಯಾಗನ್ ಬಿರಿದು ಅನಿಲ ಹೊರಬಂದಿತು. ಸುಮಾರು 3,000 ಜನರನ್ನು ಸ್ಥಳಾಂತರಿಸಬೇಕಾಯಿತು. 4,000ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದರು. ವ್ಯಾಗನ್‌ನಲ್ಲಿ ರಾಸಾಯನಿಕದೊಂದಿಗೆ ನೀರು ಬೆರೆತಿತ್ತು. ನೀರು ಸೇರಿದರೆ ಈ ದ್ರವ ಲೋಹವನ್ನು ತಿನ್ನುವ ನೈಟ್ರಿಕ್ ಆಮ್ಲವನ್ನು ಉಂಟುಮಾಡುತ್ತದೆ.

ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅಪಾಯಕಾರಿ ಸರಕಿನ ಸಂಪೂರ್ಣ ಮಾಹಿತಿಯನ್ನು ಸಾಗಣೆದಾರರಿಗೆ ನೀಡುವುದು ರವಾನೆದಾರರ ಹೊಣೆ. ವಾಹನದ ಮೇಲೆ ರಾಸಾಯನಿಕದ ಸರಿಯಾದ ಹೆಸರು, ವಿಶ್ವಸಂಸ್ಥೆಯ ವರ್ಗಸಂಖ್ಯೆ ಹಾಗೂ ತುರ್ತು ದೂರವಾಣಿ ಸಂಖ್ಯೆಗಳಿರುವ ಫಲಕ ಇರಬೇಕು. ಚಾಲಕರು ನಿಗದಿತ ತರಬೇತಿ ಪಡೆದಿರಬೇಕು. ಅಪಘಾತವಾದಲ್ಲಿ ತಕ್ಷಣ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯು ವಾಹನದ ಮೂಲಕ ನಡೆಯುವ ಸಾಗಣೆಗೂ ಅನ್ವಯಿಸುತ್ತದೆ.

ಸಣ್ಣ ಉದ್ಯಮಿಗಳಿಗೇಕೆ?

ರಾಕೆಟ್ ಇಂಧನದ ಒಂದು ಭಾಗವಾದ ಹೈಡ್ರಜೀನ್ ಹೈಡ್ರೇಟನ್ನೇ ಬಾಯ್ಲರ್ ನೀರಿನಲ್ಲಿರುವ ಆಮ್ಲಜನಕವನ್ನು ನೀಗಿಸಲು ಬಳಸುವುದುಂಟು. ಲೋಹದ ಮೇಲ್ಮೈ ಶುದ್ಧೀಕರಣಕ್ಕೆ ನೈಟ್ರಿಕ್ ಆಮ್ಲ ಬೇಕು. ಇವೆರಡರ ಕ್ಯಾನುಗಳನ್ನು ಬಾಡಿಗೆ ಉಳಿಸಲೆಂದು ಒಂದೇ ಟೆಂಪೋದಲ್ಲಿ ತರಿಸುವುದು ಅಗ್ನಿಯನ್ನು ಆಹ್ವಾನಿಸಿದಂತೆ. ಬಿಲ್ಲಿನಲ್ಲಿ ಕೇವಲ 'ಕೆಮಿಕಲ್ಸ್' ಎಂದು ಬರೆಯುವುದೂ ಅಷ್ಟೇ ಅಪಾಯಕರ. ಟೆಂಪೋ ಮಗುಚಿದಾಗ ಮೊದಲು ಓಡಿಬರುವ ದಾರಿಹೋಕರಿಗೂ ಅಗ್ನಿಶಾಮಕ ಸಿಬ್ಬಂದಿಗೂ ಆ ಒಂದು ಪದದಿಂದ ಏನೂ ತಿಳಿಯದು. ಸರಕಿನ ನಿಜವಾದ ಹೆಸರು ಬರೆಯಲು ಖರ್ಚೇನೂ ಇಲ್ಲ. ಬರೆಯದಿದ್ದರೆ ತೆರಬೇಕಾದದ್ದು ಪ್ರಾಣವೂ ಆಗಬಹುದು.