ಲೋಹಕ್ಕೆ ಅಂಟುವ ವಿಷ

ಇಂಗಾಲ ಮತ್ತು ಸಾರಜನಕದ ಒಂದೊಂದು ಪರಮಾಣು ಮೂರು ಬಂಧಗಳಿಂದ ಬೆಸೆದುಕೊಂಡು ಒಂದು ಋಣ ವಿದ್ಯುದಾವೇಶವನ್ನು ಹೊತ್ತಾಗ ಉಂಟಾಗುವ ಕಣವೇ ಸೈನೈಡ್ ಅಯಾನು. ಲೋಹದ ಪರಮಾಣುವಿಗೆ ಬಿಗಿಯಾಗಿ ಅಂಟಿಕೊಳ್ಳುವುದು ಇದರ ಪ್ರಧಾನ ಗುಣವಾಗಿದ್ದು, ಇದು ಚಿನ್ನದ ಗಣಿಗೆ ಒದಗಿದ್ದೂ ಜೀವಕ್ಕೆ ಮುಳುವಾದದ್ದೂ ಆ ಗುಣದಿಂದಲೇ. ಚಿತ್ರಕಾರರು ಬಳಸುವ ಪ್ರಷ್ಯನ್ ನೀಲಿಯಲ್ಲಿಯೂ ಸೈನೈಡ್ ಇದೆ. ಆದರೆ ಅಲ್ಲಿ ಕಬ್ಬಿಣವು ಅದನ್ನು ಸಡಿಲಬಿಡದೆ ಹಿಡಿದಿರುವುದರಿಂದ ಆ ಬಣ್ಣ ಅಪಾಯಕಾರಿಯಲ್ಲ, ಥ್ಯಾಲಿಯಂ ನಂಜಿಗೆ ಅದನ್ನು ಔಷಧವಾಗಿಯೇ ಕೊಡುತ್ತಾರೆ. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ 1782ರಲ್ಲಿ ಹೈಡ್ರೋಜನ್ ಸೈನೈಡನ್ನು ಪಡೆದದ್ದು ಇದೇ ಬಣ್ಣದಿಂದ.

ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ರೂಪಿಸಿದ ವಿಧಾನದಂತೆ, ನುಣ್ಣಗೆ ಅರೆದ ಅದಿರಿಗೆ ಸೈನೈಡಿನ ತೆಳು ದ್ರಾವಣವನ್ನು ಸೇರಿಸಿದರೆ ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವು ಕರಗುತ್ತದೆ, ಅನಂತರ ಸತುವನ್ನು ಬೆರೆಸಿ ಅದನ್ನು ಬೇರ್ಪಡಿಸಬಹುದು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದರೂ, ಈ ಕೆಲಸದಲ್ಲಿ ಉಳಿದ ಪುಡಿಯ ರಾಶಿಗಳು ಕೆಜಿಎಫ್‌ನಲ್ಲಿ ಇಂದಿಗೂ ಸೈನೈಡ್ ದಿಬ್ಬಗಳೆಂದೇ ಹೆಸರಾಗಿವೆ. ಹೆಸರು ಹುಟ್ಟಿಸುವ ಭಯ ತುಸು ದಿಕ್ಕು ತಪ್ಪಿದ್ದು. ಬಿಡಿ ಸೈನೈಡ್ ಬಿಸಿಲು ಗಾಳಿಗಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ, ಆದರೆ ಗಾಳಿಯಲ್ಲಿ ಏಳುವ ಸಿಲಿಕಾ ಧೂಳು ಹಾಗೆ ಕರಗಿಹೋಗುವುದಿಲ್ಲ.

ದೇಹದೊಳಗೆ ಸೈನೈಡ್ ಹುಡುಕುವುದು ಕಬ್ಬಿಣವನ್ನು. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವ ಕ್ರಿಯೆಯ ಕೊನೆಯ ಹಂತವನ್ನು ನಡೆಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದ ಕಬ್ಬಿಣಕ್ಕೆ ಅದು ಅಂಟಿದೊಡನೆ ಆ ಕ್ರಿಯೆ ನಿಂತುಹೋಗುತ್ತದೆ. ರಕ್ತದ ತುಂಬ ಆಮ್ಲಜನಕವಿದ್ದರೂ ಕೋಶಗಳು ಅದನ್ನು ಬಳಸಲಾರವು; ಆದುದರಿಂದಲೇ ಅಭಿಧಮನಿಗಳ ರಕ್ತವೂ ಹೊಳೆಯುವ ಕೆಂಪಾಗಿ ಕಾಣುತ್ತದೆ. ಎಲ್ಲಕ್ಕಿಂತ ಮೊದಲು ಬಾಧೆಗೊಳ್ಳುವುವು ಹೆಚ್ಚು ಶಕ್ತಿ ಬೇಡುವ ಮಿದುಳು ಮತ್ತು ಹೃದಯ. ಪತ್ತೇದಾರಿ ಕಾದಂಬರಿಗಳು ನೆಚ್ಚಿಕೊಂಡಿರುವ ಕಹಿ ಬಾದಾಮಿಯ ವಾಸನೆ ಎಲ್ಲರಿಗೂ ತಿಳಿಯುವಂಥದಲ್ಲ, ಅದನ್ನು ಗ್ರಹಿಸುವ ಶಕ್ತಿ ಅನೇಕರಿಗೆ ಹುಟ್ಟಿನಿಂದಲೇ ಇರುವುದಿಲ್ಲ.

ಅಲ್ಪ ಪ್ರಮಾಣದ ಸೈನೈಡನ್ನು ದೇಹವೇ ನಿಭಾಯಿಸಬಲ್ಲದು. ಯಕೃತ್ತಿನಲ್ಲಿರುವ ರೊಡನೀಸ್ ಎಂಬ ಕಿಣ್ವವು ಅದಕ್ಕೆ ಗಂಧಕವನ್ನು ಜೋಡಿಸಿ ಥಯೋಸೈನೇಟ್ ಆಗಿ ಮಾರ್ಪಡಿಸುತ್ತದೆ, ಅದು ಮೂತ್ರದಲ್ಲಿ ಹೊರಹೋಗುತ್ತದೆ. ಸರಿಯಾಗಿ ಸಂಸ್ಕರಿಸದ ಕಹಿ ಮರಗೆಣಸನ್ನೇ ನೆಚ್ಚಿ, ಪ್ರೋಟೀನಿನ ಕೊರತೆಯಿಂದ ಗಂಧಕವೂ ಸಾಲದೆ ಬರುವ ಆಫ್ರಿಕಾದ ಬಡವರಲ್ಲಿ ಮಾತ್ರ ಈ ವ್ಯವಸ್ಥೆ ಸೋತು, ಕಾಲುಗಳನ್ನು ನಿಷ್ಕ್ರಿಯಗೊಳಿಸುವ ಕೊಂಜೊ ರೋಗ ಕಾಣಿಸಿಕೊಳ್ಳುತ್ತದೆ. ಪ್ರಮಾಣ ಮೀರಿದಾಗ ವೈದ್ಯರು ಸೈನೈಡಿಗೆ ಇನ್ನೊಂದು ಲೋಹವನ್ನು ಒಡ್ಡುತ್ತಾರೆ: ಹೈಡ್ರಾಕ್ಸೊಕೊಬಾಲಮಿನ್ ಎಂಬ ಮದ್ದಿನಲ್ಲಿರುವ ಕೋಬಾಲ್ಟ್ ಅದನ್ನು ಸೆಳೆದುಕೊಂಡಾಗ ಉಂಟಾಗುವ ವಸ್ತು ಬಿ12 ಜೀವಸತ್ವದ ಒಂದು ರೂಪವೇ ಆಗಿದೆ. ಉಣ್ಣೆ, ಸೋಫಾದ ಫೋಮ್ ಮುಂತಾದವು ಉರಿದಾಗಲೂ ಹೈಡ್ರೋಜನ್ ಸೈನೈಡ್ ಹೊಮ್ಮುವುದರಿಂದ, ಫ್ರಾನ್ಸಿನಲ್ಲಿ ಬೆಂಕಿಯ ಹೊಗೆಗೆ ಸಿಕ್ಕವರಿಗೆ ಆಸ್ಪತ್ರೆ ತಲಪುವ ಮೊದಲೇ ಈ ಮದ್ದನ್ನು ಕೊಡುವ ಪದ್ಧತಿ ಬೆಳೆದಿದೆ.