ಪಾವಗಡದಿಂದ ಮಧುಗಿರಿಗೆ, ಬೆಂಗಳೂರಿನ ಮೇಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಒಂದು ಸಾಲಿನಲ್ಲಿ, ಮಧುಗಿರಿ ಇನ್ನೊಂದು ಸಾಲಿನಲ್ಲಿ ಕಾಣುವುದು ಇದೇ ಕಾರಣಕ್ಕೆ. ವಸತಿ ಶಾಲೆಯಲ್ಲಿ ಜೊತೆಗೆ ಓದಿದ ನಾಲ್ವರು, ತಾಲ್ಲೂಕಿಗೊಬ್ಬರಂತೆ, ರಜೆಗೆ ಊರು ಸೇರಿದ್ದಾರೆ ಎಂದಿಟ್ಟುಕೊಳ್ಳಿ. ರಾತ್ರಿ ಊಟ ಮುಗಿಸಿ ಒಟ್ಟಿಗೆ ಮೈನ್‌ಕ್ರಾಫ್ಟ್ ಆಡಬೇಕೆಂಬ ಆಸೆ. ಅದಕ್ಕೊಂದು ಸರ್ವರ್ ಬೇಕು. ಮಧುಗಿರಿಯವನ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದನ್ನೇ ಸರ್ವರ್ ಮಾಡುವುದೋ, ತಿಂಗಳಿಗಿಷ್ಟು ಎಂದು ಬಾಡಿಗೆ ಕೊಟ್ಟು ಎಲ್ಲೋ ಇರುವ ಯಂತ್ರವನ್ನು ಹಿಡಿಯುವುದೋ?

ಎಲ್ಲ ಆಟಗಳಲ್ಲೂ ಈ ಆಯ್ಕೆ ಇಲ್ಲ. ಬಿಜಿಎಂಐ, ಫ್ರೀ ಫೈರ್‌ನಂಥ ಆಟಗಳ ಸರ್ವರ್ ಕಂಪನಿಯ ಕೈಯಲ್ಲೇ ಇರುತ್ತದೆ. ಮೈನ್‌ಕ್ರಾಫ್ಟ್, ಟೆರಾರಿಯಾ, ವಾಲ್‌ಹೈಮ್ ಹಾಗಲ್ಲ. ಸರ್ವರ್ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ನಡೆಸಬಹುದು. ಹದಿನಾರರ ಹುಡುಗ ಹುಡುಗಿಯರು ಕಂಪ್ಯೂಟರ್ ನೆಟ್‌ವರ್ಕ್ ಅಂದರೇನು ಎಂದು ಕೈಯಾರೆ ಮಾಡಿ ತಿಳಿಯಲು ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಗೊತ್ತಿಲ್ಲ.

ಸರ್ವರ್ ಮಾಡುವ ಕೆಲಸ ಲೆಕ್ಕ ಇಡುವುದು. ಆಟದ ಲೋಕದಲ್ಲಿ ಯಾವ ಕಲ್ಲು ಎಲ್ಲಿದೆ, ಯಾರು ಎಲ್ಲಿ ನಿಂತಿದ್ದಾರೆ, ಯಾರು ಏನನ್ನು ಒಡೆದರು ಎಂಬುದರ ಅಧಿಕೃತ ದಾಖಲೆ ಅದರ ಬಳಿ ಇರುತ್ತದೆ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಬಾರಿ ಈ ದಾಖಲೆಯನ್ನು ಹೊಸದು ಮಾಡುತ್ತದೆ. ಅಂದರೆ ಒಂದೊಂದು ಸುತ್ತಿಗೆ 50 ಮಿಲಿಸೆಕೆಂಡು. ಆ ಅವಧಿಯಲ್ಲಿ ಸುತ್ತು ಮುಗಿಯದಿದ್ದರೆ ಆಟದ ಕಾಲವೇ ನಿಧಾನವಾಗುತ್ತದೆ, ಎಲ್ಲರಿಗೂ. ಪಿಂಗ್ ಬೇರೆ: ಆಟಗಾರನ ಸಂದೇಶ ಸರ್ವರ್‌ಗೆ ಹೋಗಿ ಉತ್ತರ ತರಲು ಹಿಡಿಯುವ ಸಮಯ ಅದು. ಎರಡನ್ನೂ ನಾವು ‘ಲ್ಯಾಗ್’ ಎಂದೇ ಕರೆಯುವುದರಿಂದ ರೋಗ ಒಂದಕ್ಕೆ ಮದ್ದು ಇನ್ನೊಂದಕ್ಕೆ ಎಂಬಂತಾಗುತ್ತದೆ.

ಈಗ ದೂರದ ಮಾತು. ಮಧುಗಿರಿಯಿಂದ ಕೊರಟಗೆರೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಹಾಗಾದರೆ ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ಯಂತ್ರಕ್ಕಿಂತ ಮಧುಗಿರಿಯ ಮನೆಯೇ ಹತ್ತಿರ ಎಂದು ಯಾರಿಗಾದರೂ ಅನಿಸುತ್ತದೆ. ನೆಟ್‌ನಲ್ಲಿ ಅದು ಸಾಮಾನ್ಯವಾಗಿ ಹಾಗಿರುವುದಿಲ್ಲ. ಕೊರಟಗೆರೆಯ ಮನೆಯಿಂದ ಹೊರಟ ಡೇಟಾ ನೇರ ಮಧುಗಿರಿ ರಸ್ತೆ ಹಿಡಿಯುವುದಿಲ್ಲ. ಅದು ತನ್ನ ಇಂಟರ್‌ನೆಟ್ ಕಂಪನಿಯ ದೊಡ್ಡ ಕೇಂದ್ರಕ್ಕೆ ಹೋಗಬೇಕು. ನಮ್ಮ ಕಡೆಯವರಿಗೆ ಅದು ಬಹುತೇಕ ಬೆಂಗಳೂರು, ಕೆಲವೊಮ್ಮೆ ಚೆನ್ನೈ ಅಥವಾ ಮುಂಬೈ. ಮಧುಗಿರಿಯ ಮನೆಯದು ಬೇರೆ ಕಂಪನಿಯಾದರೆ ಎರಡೂ ಕಂಪನಿಗಳು ಕೂಡುವ ಜಾಗದವರೆಗೆ ಹೋಗಿ, ಅಲ್ಲಿ ಕೈ ಬದಲಾಯಿಸಿ, ಮತ್ತೆ ಮಧುಗಿರಿಗೆ ವಾಪಸ್ ಬರಬೇಕು. ದೇಶದೊಳಗಿನ ಡೇಟಾ ದೇಶದೊಳಗೇ ಹೀಗೆ ಕೈ ಬದಲಾಯಿಸಲಿ ಎಂದೇ 2003ರಲ್ಲಿ ನಿಕ್ಸಿ ಎಂಬ ಸಂಸ್ಥೆ ಹುಟ್ಟಿತು.

ಹಾಗಾಗಿ ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದ ಹುಡುಗಿಯ ಸಂದೇಶ ಬೆಂಗಳೂರಿಗೆ ಹೋಗುವುದು ಹೇಗೂ ತಪ್ಪಿದ್ದಲ್ಲ. ಸರ್ವರ್ ಬೆಂಗಳೂರಿನಲ್ಲೇ ಇದ್ದರೆ ಪ್ರಯಾಣ ಅಲ್ಲಿಗೆ ಮುಗಿಯಿತು. ಮಧುಗಿರಿಯಲ್ಲಿದ್ದರೆ ಇನ್ನೊಂದು ಮಜಲು ಬಾಕಿ. ಮನೆಯಲ್ಲಿ ಸರ್ವರ್ ಇಟ್ಟುಕೊಂಡವನ ಪಿಂಗ್ ಸೊನ್ನೆಗೆ ಹತ್ತಿರ, ಉಳಿದ ಮೂವರದ್ದು ಎರಡು ಮಜಲಿನದು. ಮನೆ ಕಟ್ಟುವ ಆಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕತ್ತಿ ಹಿಡಿದು ಎದುರುಬದುರಾದಾಗ ಗೊತ್ತಾಗುತ್ತದೆ, ಜಗಳವೂ ಆಗುತ್ತದೆ.

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪಾವಗಡದಿಂದ ಬೆಂಗಳೂರಿಗೆ ಹೋಗಿಬರಲು ಬೆಳಕಿಗೆ ಬೇಕಾದ್ದು ಎರಡು ಮಿಲಿಸೆಕೆಂಡಿನ ಆಸುಪಾಸು. ಅದರ ಮೇಲೆ ಕಾಣುವುದೆಲ್ಲ ನಡುವಿನ ಉಪಕರಣಗಳ ಸರದಿ, ಮನೆಯ ವೈಫೈ, ಮೊಬೈಲ್ ಆದರೆ ಟವರ್‌ನ ದಟ್ಟಣೆ. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರ್ ಫೈಬರ್ ಎಂದು ಹಿಡಿದರೂ ಹೋಗಿಬರಲು ಹತ್ತೇ ಮಿಲಿಸೆಕೆಂಡು. ಆದ್ದರಿಂದ ಮುಂಬೈ ಸರ್ವರ್ ಎಂದರೆ ಹೆದರಬೇಕಿಲ್ಲ. ಅಮೆಜಾನ್ 2016ರಲ್ಲಿ ಮುಂಬೈನಲ್ಲೂ 2022ರಲ್ಲಿ ಹೈದರಾಬಾದಿನಲ್ಲೂ ತನ್ನ ಕೇಂದ್ರ ತೆರೆಯಿತು. ಡಿಜಿಟಲ್ ಓಷನ್ 2016ರಿಂದ ಬೆಂಗಳೂರಿನಲ್ಲೇ ಇದೆ. ಅಗ್ಗ ಸಿಕ್ಕಿತೆಂದು ಜರ್ಮನಿಯ ಯಂತ್ರ ಹಿಡಿದರೆ ಮಾತ್ರ ಪಿಂಗ್ ನೂರು ದಾಟುತ್ತದೆ. ಬಾಡಿಗೆ ಹಿಡಿಯುವಾಗ ಮೊದಲು ಕೇಳಬೇಕಾದ್ದು ಬೆಲೆಯಲ್ಲ, ಯಂತ್ರ ಯಾವ ಊರಿನಲ್ಲಿದೆ ಎಂಬುದು.

ಮನೆಯಲ್ಲೇ ಸರ್ವರ್ ಎಂದು ಹೊರಟವರು ಮೊದಲು ಎಡವುವುದು ವಿಳಾಸದ ಕೊರತೆಯಲ್ಲಿ. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್ ಪಾಲಿನ ದಾಸ್ತಾನು 2011ರಲ್ಲೇ ಕೊನೆಯ ಕಂತಿಗೆ ಬಂತು. ಅಂದಿನಿಂದ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿವೆ. ಈ ಏರ್ಪಾಡಿನ ಹೆಸರು ಸಿಜಿ-ನ್ಯಾಟ್. ನಾವು ಹೊರಗೆ ಹೋಗಲು ಇದರಿಂದ ತೊಂದರೆ ಇಲ್ಲ. ಹೊರಗಿನವರು ನಮ್ಮ ಮನೆಯ ಯಂತ್ರವನ್ನು ಹುಡುಕಿಕೊಂಡು ಬರಲು ಮಾತ್ರ ಆಗುವುದಿಲ್ಲ. ರೌಟರ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್‌ನ ಬಾಗಿಲಾದ 25565ನೇ ಪೋರ್ಟ್ ಎಷ್ಟು ಸಲ ಫಾರ್ವರ್ಡ್ ಮಾಡಿದರೂ ಗೆಳೆಯರಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಎಂದೇ ಬರುತ್ತದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ರೌಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ವ್ಯಾನ್ ಐಪಿ’ ಎಂದು ಒಂದು ಸಂಖ್ಯೆ ಇರುತ್ತದೆ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಹಂಚಿಕೆಯ ವಿಳಾಸದಲ್ಲಿದ್ದೀರಿ ಎಂದರ್ಥ. ಆಗ ದಾರಿ ಮೂರು. ಕಂಪನಿಗೆ ತಿಂಗಳು ತಿಂಗಳು ಹಣ ಕಟ್ಟಿ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮದೇ ಆದ ಸ್ಥಿರ ವಿಳಾಸ, ಪಡೆಯಬಹುದು. ನಾಲ್ವರಿಗೂ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಇದ್ದರೆ ಅದರಲ್ಲೇ ನೇರ ಸಂಪರ್ಕ ಮಾಡಬಹುದು, ರೌಟರ್‌ನ ಫೈರ್‌ವಾಲ್‌ನಲ್ಲಿ ಆ ಪೋರ್ಟಿಗೆ ಅನುಮತಿ ಕೊಟ್ಟರಾಯಿತು. ಎರಡೂ ಆಗದಿದ್ದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ. ನಾಲ್ವರೂ ಅದನ್ನು ಹಾಕಿಕೊಂಡರೆ ನಾಲ್ಕು ಯಂತ್ರಗಳೂ ಒಂದೇ ಮನೆಯಲ್ಲಿದ್ದಂತೆ ಪರಸ್ಪರ ಕಾಣಿಸುತ್ತವೆ, ಹೊರಗಿನವರಿಗೆ ಕಾಣಿಸುವುದಿಲ್ಲ. ಮನೆಯಲ್ಲೇ ನಡೆಸುವವರಿಗೆ ನಾನು ಹೇಳುವುದು ಇದನ್ನೇ.

ಯಾಕೆಂದರೆ ತೆರೆದ ಪೋರ್ಟ್ ನಿಮ್ಮ ಗೆಳೆಯರಿಗೆ ಮಾತ್ರ ತೆರೆದಿರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಬಯಲಾದಾಗ ಮೈನ್‌ಕ್ರಾಫ್ಟ್ ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕಾಗಿತ್ತು, ಸರ್ವರ್ ನಡೆಯುತ್ತಿದ್ದ ಯಂತ್ರದಲ್ಲಿ ದುರುಳರು ತಮಗೆ ಬೇಕಾದ ಪ್ರೋಗ್ರಾಂ ಓಡಿಸಬಹುದಿತ್ತು. 1.18.1 ಆವೃತ್ತಿ ತುರ್ತಾಗಿ ಬಂದದ್ದು ಅದಕ್ಕೇ. 2016ರಲ್ಲಿ ಅಮೆರಿಕದ ಇಂಟರ್‌ನೆಟ್ಟನ್ನು ಗಂಟೆಗಟ್ಟಲೆ ಕಂಗೆಡಿಸಿದ ದಾಳಿಗೆ ಬಳಕೆಯಾದ ಮಿರಾಯ್ ಎಂಬ ಕುತಂತ್ರಾಂಶದ ಬೇರು ಮೈನ್‌ಕ್ರಾಫ್ಟ್ ಸರ್ವರ್ ವ್ಯಾಪಾರದ ಪೈಪೋಟಿಯಲ್ಲಿತ್ತು. ಅದನ್ನು ಬರೆದವರು ಕಾಲೇಜು ವಯಸ್ಸಿನ ಹುಡುಗರು. ಬಾಡಿಗೆ ಯಂತ್ರದ ಮೇಲೆ ದಾಳಿಯಾದರೆ ಆಟ ನಿಲ್ಲುತ್ತದೆ. ಮನೆಯ ವಿಳಾಸದ ಮೇಲಾದರೆ ಅಕ್ಕನ ಆನ್‌ಲೈನ್ ಕ್ಲಾಸೂ ಅಪ್ಪನ ಫೋನ್‌ಪೇಯೂ ನಿಲ್ಲುತ್ತವೆ. ಹೆಸರು ಪಟ್ಟಿಯಲ್ಲಿ ಇದ್ದವರಿಗಷ್ಟೇ ಪ್ರವೇಶ ಕೊಡುವ ‘ವೈಟ್‌ಲಿಸ್ಟ್’ ಹಾಕದೆ ಸರ್ವರ್ ತೆರೆಯಲೇಬಾರದು.

ಇನ್ನು ಕರೆಂಟು. ತಿರುಮಣಿಯ ಸುತ್ತಮುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ಪಾವಗಡ. ಆದರೆ ಆ ವಿದ್ಯುತ್ ಹಗಲಿನದು, ಗ್ರಿಡ್‌ಗೆ ಸೇರುವಂಥದ್ದು. ಹುಡುಗರು ಆಡುವುದು ರಾತ್ರಿ. ಮೈನ್‌ಕ್ರಾಫ್ಟ್ ಸುಮಾರು ಐದು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡುತ್ತದೆ. ಮಳೆಗಾಳಿಗೆ ಕರೆಂಟು ಹೋದರೆ ಅಷ್ಟು ಹೊತ್ತಿನ ಆಟ ಹೋಯಿತು. ಬರೆಯುತ್ತಿದ್ದಾಗಲೇ ಹೋದರೆ ಲೋಕದ ಒಂದು ತುಂಡೇ ಕೆಡಬಹುದು. ಯುಪಿಎಸ್ ಕಂಪ್ಯೂಟರ್‌ಗೆ ಮಾತ್ರ ಇದ್ದರೆ ಸಾಲದು, ರೌಟರ್‌ಗೂ ಫೈಬರ್ ಪೆಟ್ಟಿಗೆಗೂ ಬೇಕು.

ಖರ್ಚನ್ನು ಲೆಕ್ಕ ಹಾಕಿಯೇ ನೋಡೋಣ. 80 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 57 ಯೂನಿಟ್ ದಾಟುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 340ರ ಮೇಲೆ. ಗೃಹಜ್ಯೋತಿ ಇರುವ ಮನೆಯಲ್ಲಿ ಇನ್ನೊಂದು ತೊಡಕು. ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ, ಆ ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ನಿಗದಿಯಾದದ್ದು. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ‘ಪುಕ್ಕಟೆ’ ಸರ್ವರ್‌ನ ಖರ್ಚು ಅಮ್ಮನ ಕೈಗೆ ಹೀಗೆ ಬಂದು ಸೇರುತ್ತದೆ. ಆಡುವ ನಾಲ್ಕು ಗಂಟೆ ಮಾತ್ರ ಹಚ್ಚಿದರೆ ತಿಂಗಳಿಗೆ ಹತ್ತು ಯೂನಿಟ್ ಕೂಡ ಆಗುವುದಿಲ್ಲ.

ಬಾಡಿಗೆಯದ್ದೂ ಇದೇ ಕಥೆ. ನಾಲ್ಕು ಜಿಬಿ ರ‍್ಯಾಮ್‌ನ ಯಂತ್ರವನ್ನು ಇಡೀ ತಿಂಗಳು ಹಿಡಿದರೆ ಎರಡು ಸಾವಿರದ ಹತ್ತಿರ ಬರಬಹುದು. ಅದೇ ಗಂಟೆ ಲೆಕ್ಕದಲ್ಲಿ ಮೂರು ರೂಪಾಯಿ ಚಿಲ್ಲರೆ. ದಿನಕ್ಕೆ ಮೂರು ಗಂಟೆಯಂತೆ ಆಡಿದರೆ ತಿಂಗಳಿಗೆ ಮುನ್ನೂರರ ಆಸುಪಾಸು, ನಾಲ್ವರಲ್ಲಿ ಹಂಚಿದರೆ ತಲೆಗೆ ಎಪ್ಪತ್ತೈದು. ಆದರೆ ಯಂತ್ರವನ್ನು ಬರಿದೇ ಆಫ್ ಮಾಡಿದರೆ ಹಲವು ಕಡೆ ಮೀಟರ್ ಓಡುತ್ತಲೇ ಇರುತ್ತದೆ. ಲೋಕವನ್ನು ಉಳಿಸಿಕೊಂಡು ಯಂತ್ರವನ್ನೇ ಅಳಿಸಬೇಕು, ನಾಳೆ ಮತ್ತೆ ಹೊಸದು ಹುಟ್ಟಿಸಬೇಕು.

ಬಾಡಿಗೆ ಯಂತ್ರವೆಂದರೆ ಬಲಶಾಲಿ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೈನ್‌ಕ್ರಾಫ್ಟ್ ಸರ್ವರ್‌ನ ಮುಖ್ಯ ಲೆಕ್ಕ ನಡೆಯುವುದು ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ. ಅಗ್ಗದ ಬಾಡಿಗೆಯಲ್ಲಿ ಆ ಕೋರನ್ನು ಬೇರೆ ಗಿರಾಕಿಗಳ ಜೊತೆ ಹಂಚಿಕೊಳ್ಳಬೇಕಾಗುತ್ತದೆ. ಮಧುಗಿರಿಯ ಡೆಸ್ಕ್‌ಟಾಪ್ ಐದಾರು ವರ್ಷ ಹಳೆಯದಾದರೂ ಒಂದು ಕೋರ್‌ನ ಓಟದಲ್ಲಿ ಅದನ್ನು ಹಿಂದಿಕ್ಕಬಹುದು. ಬೇಸಿಗೆಯ ಕಾವು, ಧೂಳು ಹಿಡಿದ ಫ್ಯಾನು ಅದನ್ನು ನಿಧಾನಗೊಳಿಸದಿದ್ದರೆ!

ನನ್ನ ಮಟ್ಟಿಗೆ, ಮೊದಲ ತಿಂಗಳು ಮನೆಯ ಯಂತ್ರದಲ್ಲೇ ನಡೆಸಿ ಕಲಿಯಬೇಕು. ಪೋರ್ಟ್, ವಿಳಾಸ, ಬ್ಯಾಕಪ್ ಎಲ್ಲದರ ಅರ್ಥ ಆಗ ಬೆರಳಿಗೆ ಹತ್ತುತ್ತದೆ. ನಾಲ್ವರೂ ದಿನಾ ಆಡುವ ಹಂತ ಬಂದರೆ ಬೆಂಗಳೂರಿನ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಹಿಡಿಯಬೇಕು, ಎಲ್ಲರಿಗೂ ಸಮಾನ ದೂರದ ಜಾಗ ಅದೊಂದೇ.

ಒಂದು ಎಚ್ಚರಿಕೆ. ಸೋಲಾರ್ ಪಾರ್ಕಿಗೆ ಪಾವಗಡದ ರೈತರು ಜಮೀನನ್ನು ಮಾರಲಿಲ್ಲ, ವರ್ಷಕ್ಕೆ ಎಕರೆಗಿಷ್ಟು ಎಂದು ಗುತ್ತಿಗೆಗೆ ಕೊಟ್ಟರು. ಪಹಣಿ ಅವರ ಹೆಸರಲ್ಲೇ ಉಳಿಯಿತು. ಸರ್ವರ್ ಬಾಡಿಗೆಯಲ್ಲಿ ನೆಲ ಕಂಪನಿಯದ್ದು, ಬೆಳೆ ಮಾತ್ರ ನಮ್ಮದು. ಬಾಡಿಗೆ ತಪ್ಪಿದ ಕೆಲವು ದಿನಕ್ಕೆ ಯಂತ್ರದ ಜೊತೆ ನಾಲ್ವರು ಕಟ್ಟಿದ ಊರೂ ಅಳಿಸಿಹೋಗಬಹುದು. ಅದೆಲ್ಲ ಇರುವುದು ‘ವರ್ಲ್ಡ್’ ಎಂಬ ಒಂದು ಫೋಲ್ಡರ್‌ನಲ್ಲಿ. ಸರ್ವರ್ ನಿಲ್ಲಿಸಿ, ಆ ಫೋಲ್ಡರನ್ನು ಜಿಪ್ ಮಾಡಿ, ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ರಜೆ ಮುಗಿದು ಬಾಡಿಗೆ ನಿಲ್ಲಿಸಿದರೂ ಅದೇ ಫೋಲ್ಡರನ್ನು ಮನೆಯ ಡೆಸ್ಕ್‌ಟಾಪಿಗೆ ಹಾಕಿ, ಅದೇ ಆವೃತ್ತಿಯ ಸರ್ವರ್ ಹಚ್ಚಿದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ.