110 ವೋಲ್ಟಿನ ಡ್ರೀಮ್‌ಕಾಸ್ಟ್, 230 ವೋಲ್ಟಿನ ಮನೆ: ಪವರ್ ಸಪ್ಲೈ ಮತ್ತು ಡಿಸ್ಕ್ ಡ್ರೈವ್ ಕೆಲಸ

ಇದು ಹೋದ ವಾರದ ವಿಡಿಯೋದ ಬರಹರೂಪ. ವಿಡಿಯೋದಲ್ಲಿ ಕೈ ಕೆಲಸ ಜಾಸ್ತಿ ಕಾಣುತ್ತೆ. ಇಲ್ಲಿ ಅದರ ಹಿಂದಿನ ಲೆಕ್ಕವನ್ನ ನಿಧಾನವಾಗಿ ಬಿಡಿಸಿ ಬರೆದಿದ್ದೀನಿ. ಸೋಲ್ಡರಿಂಗ್ ಐರನ್ ಹಿಡಿಯೋ ಮೊದಲು ಪೂರ್ತಿ ಓದಿ, ಅಷ್ಟೇ ನನ್ನ ಷರತ್ತು.

ವಿಷಯ ಸೆಗಾ ಡ್ರೀಮ್‌ಕಾಸ್ಟ್. ಜಪಾನಿನಲ್ಲಿ 1998ರ ನವೆಂಬರ್ 27ಕ್ಕೆ ಬಂತು, ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ಕ್ಕೆ. 2001ರ ಮಾರ್ಚಿಗೆ ಸೆಗಾ ಕಂಪನಿ ತಯಾರಿಕೆ ನಿಲ್ಲಿಸಿತು. ಹಾಗೆ ನೋಡಿದರೆ ಅಲ್ಪಾಯುಷಿ ಮಷೀನು. ಆದರೆ ಅದೇ ವರ್ಷಗಳಲ್ಲೇ ನಮ್ಮ ಕಡೆಯಿಂದ ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕಕ್ಕೆ ಹೋದವರು ರಜೆಗೆ ವಾಪಸ್ ಬರ್ತಿದ್ದದ್ದು. 2008ರ ಮಾರ್ಚಿನಲ್ಲಿ ಶಂಷಾಬಾದ್ ಶುರುವಾಗೋವರೆಗೂ ಹೈದರಾಬಾದಿನ ವಿಮಾನಗಳೆಲ್ಲ ಇಳೀತಿದ್ದದ್ದು ಇಲ್ಲೇ, ನಾನಿರೋ ಬೇಗಂಪೇಟೆಯಲ್ಲೇ. ಚಾಕೊಲೇಟು, ಶಾಂಪೂ ಜೊತೆಗೆ ಸೂಟ್‌ಕೇಸಿನಲ್ಲಿ ಒಂದೊಂದು ಗೇಮ್ ಕನ್ಸೋಲೂ ಬಂದು, ಈಗ ಅಟ್ಟದ ಮೇಲೆ ಕೂತಿದೆ.

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ರಾಯಚೂರು ಕಡೆಯ ಅಕ್ಕ ಒಬ್ಬರಿದ್ದಾರೆ. ಅವರ ಅಣ್ಣ 2000ದಲ್ಲಿ ತಂದುಕೊಟ್ಟ ಡ್ರೀಮ್‌ಕಾಸ್ಟ್ ಅವರ ಹತ್ತಿರ ಇದೆ. ಅದಕ್ಕೆ ಜೊತೆಯಾಗಿ ಬಂದಿದ್ದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಯಾವತ್ತೋ ಕಳೆದುಹೋಗಿದೆ. ಒಬ್ಬ ರಿಪೇರಿಯವರು ‘ಫ್ಯೂಸು, ಕೆಪಾಸಿಟರು ಬದಲಾಯಿಸಿದರೆ 230ಕ್ಕೇ ಓಡುತ್ತೆ’ ಅಂದರಂತೆ. ಅಕ್ಕ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: “ಮಾಡಿಸಬಹುದೇನಪ್ಪಾ? ನನ್ನ ಮಗ ಒಂಬತ್ತು ವರ್ಷದವ, ನೆಲದ ಮೇಲೆ ಕೂತು ಅದನ್ನೇ ಮುಟ್ಟಿಕೊಂಡು ಆಡ್ತಾನೆ.”

ಪ್ರಶ್ನೆ ಅದೇ. ಓಡುತ್ತೋ ಇಲ್ವೋ ಅನ್ನೋದಲ್ಲ, ಮಗು ಮುಟ್ಟೋ ಡಬ್ಬಿಯೊಳಗೆ ಏನಿರಬೇಕು ಅನ್ನೋದು. ನನ್ನ ಉತ್ತರ: ಮನೆಯ ಕರೆಂಟು ಆ ಡಬ್ಬಿಯೊಳಗೆ ಬರಲೇಬಾರದು.

ಯಾಕೆ ಅಂತ ನೋಡೋಣ. ಅಮೆರಿಕದ ಸಾಕೆಟ್ಟಿನಲ್ಲಿ 120 ವೋಲ್ಟ್, ನಮ್ಮಲ್ಲಿ 230. ಇವು ಎಸಿ ಅಳತೆಗಳು. ಡ್ರೀಮ್‌ಕಾಸ್ಟಿನ ಒಳಗಿರೋದು ಎಸ್‌ಎಂಪಿಎಸ್ ಥರದ ಸಪ್ಲೈ. ಅದು ಮೊದಲು ಎಸಿಯನ್ನ ಡಿಸಿ ಮಾಡಿ ಒಂದು ದಪ್ಪ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತೆ. ಹಾಗೆ ತುಂಬುವಾಗ ವೋಲ್ಟೇಜು ಅಲೆಯ ತುದಿಯವರೆಗೂ ಏರುತ್ತೆ, ಅಂದರೆ 1.414ರಿಂದ ಗುಣಿಸಬೇಕು. 120ಕ್ಕೆ ಸುಮಾರು 170 ವೋಲ್ಟ್ ಡಿಸಿ, 230ಕ್ಕೆ ಸುಮಾರು 325. ಅಮೆರಿಕದ ಬೋರ್ಡಿನಲ್ಲಿ ಆ ಕೆಪಾಸಿಟರು 200 ವೋಲ್ಟಿನದು. ಅದರ ಮೇಲೆ 325 ಹಾಕಿದರೆ ಫ್ಯೂಸ್ ಹೋಗುತ್ತೆ, ಅಥವಾ ಕೆಪಾಸಿಟರಿನ ತಲೆ ಒಡೆದು ಹೊಗೆ ಬರುತ್ತೆ. ಎರಡೂ ಆಗಬಹುದು. ಇದರಲ್ಲಿ 50 ಹರ್ಟ್ಸ್, 60 ಹರ್ಟ್ಸ್ ಅನ್ನೋದು ದೊಡ್ಡ ವಿಷಯ ಅಲ್ಲ, ಹೇಗಿದ್ದರೂ ಮೊದಲ ಹೆಜ್ಜೆಯಲ್ಲೇ ಅದು ಡಿಸಿ ಆಗಿಬಿಡುತ್ತೆ.

ಹಾಗಾದರೆ 400 ವೋಲ್ಟಿನ ಕೆಪಾಸಿಟರ್ ಹಾಕಿದರೆ ಮುಗೀತಲ್ಲ? ಇಲ್ಲ. ಅದರ ಮುಂದಿರೋ ಸ್ವಿಚಿಂಗ್ ಟ್ರಾನ್ಸಿಸ್ಟರು, ಟ್ರಾನ್ಸ್‌ಫಾರ್ಮರಿನ ಸುತ್ತುಗಳು, ಇನ್‌ಪುಟ್ಟಿನ ಹತ್ತಿರದ ಸರ್ಜ್ ತಡೆಯೋ ಭಾಗ, ಎಲ್ಲವೂ 170 ವೋಲ್ಟನ್ನ ಲೆಕ್ಕದಲ್ಲಿಟ್ಟುಕೊಂಡು ಆರಿಸಿದವು. ಒಂದನ್ನ ಗಟ್ಟಿ ಮಾಡಿದರೆ ಪೆಟ್ಟು ಪಕ್ಕದ್ದಕ್ಕೆ ಬೀಳುತ್ತೆ. ಮೊದಲ ದಿನ ಓಡಬಹುದು, ಆದರೆ ಓಡಿದ್ದನ್ನ ಸುರಕ್ಷಿತ ಅಂತ ಕರೆಯೋಕ್ಕಾಗಲ್ಲ.

ಇಲ್ಲೇ ಇನ್ನೊಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಅದು 100 ಮೈಕ್ರೊಫ್ಯಾರಡ್ ಅಂದುಕೊಂಡರೆ 170 ವೋಲ್ಟಿಗೆ ಸುಮಾರು 1.4 ಜೂಲ್, 325 ವೋಲ್ಟಿಗೆ 5.3 ಜೂಲ್. ವೋಲ್ಟೇಜಿನ ವರ್ಗ ಲೆಕ್ಕಕ್ಕೆ ಬರೋದರಿಂದ ಎರಡು ಪಟ್ಟಿಗಿಂತ ಕಡಿಮೆ ಏರಿದರೂ ಶಕ್ತಿ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತೆ. ಸ್ಕ್ರೂಡ್ರೈವರಿನಿಂದ ಚಟ್ ಅಂತ ಶಾರ್ಟ್ ಮಾಡೋದು ಬೇಡ. ಐದು ನಿಮಿಷ ಬಿಡಿ, ಮಲ್ಟಿಮೀಟರನ್ನ ಡಿಸಿಗೆ ಇಟ್ಟು ಅಳೆಯಿರಿ. ಇನ್ನೂ ಇದ್ದರೆ 10 ಕಿಲೋ ಓಮಿನ, 5 ವಾಟಿನ ರೆಸಿಸ್ಟರನ್ನ ಇಕ್ಕಳದಲ್ಲಿ ಹಿಡಿದು ಇಳಿಸಿ. ಆಮೇಲೆ ಮತ್ತೆ ಅಳೆಯಿರಿ.

ಈಗ ದಾರಿಗಳು. ಒಳ್ಳೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತಂದರೆ ಡಬ್ಬಿ ಬಿಚ್ಚೋದೇ ಬೇಡ. ಆದರೆ ಅಂಗೈಯಲ್ಲಿ ಹಿಡಿಯೋಷ್ಟು ಹಗುರದ ‘ಟ್ರಾವೆಲ್ ಕನ್ವರ್ಟರ್’ ಬೇಡ್ವೇ ಬೇಡ. ಅವುಗಳಲ್ಲಿ ಬಹಳಷ್ಟು ಅಲೆಯನ್ನ ಕತ್ತರಿಸಿ ಸರಾಸರಿ ಕಡಿಮೆ ಮಾಡ್ತವೆ. ಹೇರ್ ಡ್ರೈಯರಿಗೆ ಅದು ನಡೆಯುತ್ತೆ, ಕನ್ಸೋಲಿಗೆ ಇಲ್ಲ. ಯಾಕಂದರೆ ನಮ್ಮ ಕೆಪಾಸಿಟರಿಗೆ ಸರಾಸರಿ ಗೊತ್ತಿಲ್ಲ, ತುದಿ ಮಾತ್ರ ಗೊತ್ತು. ನಿಜವಾದ ಟ್ರಾನ್ಸ್‌ಫಾರ್ಮರ್ ಕೈಗೆ ಭಾರ ಹತ್ತಬೇಕು. ಎರಡನೇ ದಾರಿ, ಯುರೋಪಿನ ಮಾಡೆಲಿನ 230 ವೋಲ್ಟ್ ಸಪ್ಲೈ ಬೋರ್ಡನ್ನ ಪೂರ್ತಿ ತಂದು ಕೂರಿಸೋದು. ಇದು ಸರಿಯಾದ ಕೆಲಸವೇ. ಆದರೆ ಬೋರ್ಡು ಇಪ್ಪತ್ತೈದು ವರ್ಷ ಹಳೆಯದು, ಮತ್ತು ಕರೆಂಟು ಮಗುವಿನ ಡಬ್ಬಿಯೊಳಗೇ ಉಳಿಯುತ್ತೆ.

ನಾನು ಅಕ್ಕನಿಗೆ ಮಾಡಿಕೊಟ್ಟದ್ದು ಮೂರನೇದು. ಹಳೇ ಸಪ್ಲೈ ಬೋರ್ಡನ್ನ ಇಡೀಯಾಗಿ ತೆಗೆದು, ಆ ಜಾಗದಲ್ಲಿ 12 ವೋಲ್ಟ್ ಡಿಸಿ ತಗೊಳ್ಳೋ ಚಿಕ್ಕ ಬೋರ್ಡ್. ಡ್ರೀಮ್‌ಕಾಸ್ಟಿಗಂತಲೇ ಡ್ರೀಮ್‌ಪಿಎಸ್‌ಯು ಥರದ ಬೋರ್ಡುಗಳು ಸಿಗ್ತವೆ. ಕನ್ಸೋಲಿನ ಮದರ್‌ಬೋರ್ಡ್ ಕೇಳೋದು ಆರು ಪಿನ್ನುಗಳಲ್ಲಿ 3.3, 5, 12 ವೋಲ್ಟ್ ಮತ್ತು ಗ್ರೌಂಡ್, ಅಷ್ಟೇ. 230 ವೋಲ್ಟಿನ ಕೆಲಸವೆಲ್ಲ ಗೋಡೆಯ ಹತ್ತಿರ, ಮುಚ್ಚಿದ ಅಡಾಪ್ಟರಿನಲ್ಲಿ ಮುಗಿಯುತ್ತೆ. ಕನ್ಸೋಲ್ ತಗೊಳ್ಳೋದು ಇಪ್ಪತ್ತು ವಾಟಿನ ಆಸುಪಾಸು, ಆದ್ದರಿಂದ 12 ವೋಲ್ಟ್, 5 ಆಂಪಿಯರಿನ ಅಡಾಪ್ಟರು ಧಾರಾಳವಾಗಿ ಸಾಕು.

ಅಡಾಪ್ಟರು ಕೊಳ್ಳೋವಾಗ ಇನ್ನೂರು ರೂಪಾಯಿ ಉಳಿಸೋಕೆ ಹೋಗಬೇಡಿ. ನಾನು ಪಾರ್ಕ್‌ಲೇನಿನ ಸಿಟಿಸಿಯಲ್ಲಿ ತಗೊಂಡೆ. ಬೇಗಂಪೇಟೆಯಿಂದ ಹತ್ತಿರ, ಆಮೇಲೆ ಕೈಯಲ್ಲಿ ಹಿಡಿದು ಲೇಬಲ್ ಓದಬಹುದು. ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ನೋಡಿ. ಇಡೀ ಸುರಕ್ಷತೆಯ ಹೊರೆಯನ್ನ ನಾವೀಗ ಈ ಡಬ್ಬಿಯ ಮೇಲೆ ಹೊರಿಸ್ತಿದ್ದೀವಿ. ಅದೇ ಕಳಪೆ ಆದರೆ ಉಳಿದದ್ದೆಲ್ಲ ವ್ಯರ್ಥ. ಜ್ಯಾಕಿನ ಮಧ್ಯದ ಪಿನ್ ಪ್ಲಸ್ ಇದೆಯಾ ಅಂತಲೂ ಲೇಬಲಿನ ಚಿತ್ರ ನೋಡಿ ಖಚಿತ ಮಾಡ್ಕೊಳ್ಳಿ.

ಬಿಚ್ಚೋದು ಕಷ್ಟ ಅಲ್ಲ. ಪಕ್ಕದ ಮೋಡೆಮನ್ನ ಮೊದಲು ಎಳೆದು ತೆಗೆಯಿರಿ, ಅದರ ಹಿಂದೆ ಒಂದು ಸ್ಕ್ರೂ ಅಡಗಿದೆ. ಅದನ್ನ ನೋಡದೆ ಮೀಟಿದರೆ ಪ್ಲಾಸ್ಟಿಕ್ ಸೀಳುತ್ತೆ. ಹಳೇ ಸಪ್ಲೈ ತೆಗೆದಾಗ ಅದರ ಪ್ಲಗ್ ಇದ್ದ ರಂಧ್ರ ಖಾಲಿ ಆಗುತ್ತೆ, ಹೊಸ ಜ್ಯಾಕನ್ನ ಅಲ್ಲೇ ಕೂರಿಸಿ. ಡಬ್ಬಿಗೆ ಡ್ರಿಲ್ ಹಾಕಬೇಡಿ. ನಾಳೆ ಯಾರಾದರೂ ಮೂಲ ರೂಪಕ್ಕೆ ತರಬೇಕು ಅಂದರೆ ತರೋಹಾಗಿರಬೇಕು. ಹಳೇ ಬೋರ್ಡನ್ನ ‘120 ವೋಲ್ಟ್ ಮಾತ್ರ’ ಅಂತ ಚೀಟಿ ಅಂಟಿಸಿ ಅಕ್ಕನ ಕೈಗೇ ಕೊಟ್ಟಿದ್ದೀನಿ. ಪವರ್ ಬಟನ್ನೂ ಹಳೇ ಸಪ್ಲೈ ಬೋರ್ಡಿನ ಮೇಲೇ ಇತ್ತು ಅನ್ನೋದು ನೆನಪಿರಲಿ, ಹೊಸದರಲ್ಲಿ ಸ್ವಿಚ್ ಇರೋದನ್ನೇ ಆರಿಸಿ.

ಹೊಸ ಬೋರ್ಡನ್ನ ಸೀದಾ ಮದರ್‌ಬೋರ್ಡಿಗೆ ಚುಚ್ಚಬೇಡಿ. ಹೊರಗೇ ಅಡಾಪ್ಟರ್ ಕೊಟ್ಟು ಅಳೆಯಿರಿ. ಶೇಕಡಾ 5ರ ಅಂತರ ಇಟ್ಟುಕೊಂಡರೆ 3.3ರ ಸಾಲು 3.14ರಿಂದ 3.46ರೊಳಗೆ, 5ರ ಸಾಲು 4.75ರಿಂದ 5.25ರೊಳಗೆ ಇರಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಪ್ರೊಡಕ್ಷನ್ನಿಗೆ ಹಾಕೋ ಮೊದಲು ಟೆಸ್ಟ್ ಓಡಿಸ್ತೀವಲ್ಲ, ಇದೂ ಅದೇ. ಒಂದೇ ವ್ಯತ್ಯಾಸ, ಇಲ್ಲಿ ರೋಲ್‌ಬ್ಯಾಕ್ ಇಲ್ಲ.

“ಇಷ್ಟೆಲ್ಲ ಮಾಡಿದ ಮೇಲೂ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತೆ” ಅಂತ ಕೆಲವರು ಬರೀತಾರೆ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ಥಿಂಗ್ ಇರಲ್ಲ, ಶಬ್ದ ತಡೆಯೋಕೆ ಹಾಕಿರೋ ಒಂದು ಸಣ್ಣ ಕೆಪಾಸಿಟರಿನ ಮೂಲಕ ಅತಿ ಕಡಿಮೆ ಕರೆಂಟು ಸೋರುತ್ತೆ. ಮೂರು ಪಿನ್ನಿನ ಅಡಾಪ್ಟರು ತಗೊಂಡು, ಮನೆಯ ಅರ್ಥಿಂಗ್ ಸರಿ ಇದ್ದರೆ ಅದೂ ಹೋಗುತ್ತೆ. ಜುಮ್ ಅನ್ನೋದರ ಬದಲು ಹೊಡೆದರೆ ಆ ಅಡಾಪ್ಟರನ್ನ ಬಿಸಾಕಿ.

ಇನ್ನು ಡಿಸ್ಕ್ ಡ್ರೈವ್. ಈ ಕನ್ಸೋಲಿನ ಡಿಸ್ಕು ಮಾಮೂಲಿ ಸಿಡಿ ಅಲ್ಲ, ಸೆಗಾ ಯಮಹಾ ಜೊತೆ ಸೇರಿ ಮಾಡಿದ ಜಿಡಿ-ರಾಮ್, ಸುಮಾರು 1 ಜಿಬಿಯದು. ತಿರುಗಿಸಿ ನೋಡಿದರೆ ಮಧ್ಯೆ ಒಂದು ಉಂಗುರ ಕಾಣುತ್ತೆ. ಉಂಗುರದ ಒಳಗಿನ ಭಾಗ ಸಾಧಾರಣ ಸಿಡಿಯ ಸಾಂದ್ರತೆಯದು, ಹೊರಗಿನದು ಒತ್ತೊತ್ತಾಗಿ ಬರೆದದ್ದು. ಆಟ ಇರೋದು ಹೊರಗೆ. ಹಾಗಾಗಿ ಲೇಸರ್ ಸುಸ್ತಾದಾಗ ಮೊದಲು ಕೈಕೊಡೋದು ಹೊರಭಾಗ. ಆಡಿಯೋ ಸಿಡಿ ಚೆನ್ನಾಗಿ ಹಾಡುತ್ತೆ, ಆಟದ ಡಿಸ್ಕ್ ಮಾತ್ರ ಓದಲ್ಲ ಅಂದರೆ ಲೇಸರಿನ ಮೇಲೆ ಅನುಮಾನ ಪಡಿ.

ಆಟದ ಮಧ್ಯೆ ತಾನಾಗೇ ರೀಸೆಟ್ ಆಗ್ತಿದ್ದರೆ ಮಾತ್ರ ಡ್ರೈವನ್ನ ಬೈಯಬೇಡಿ. ಆ ಕಾಯಿಲೆಯ ಹೆಸರುವಾಸಿ ಕಾರಣ ಸಪ್ಲೈ ಕೂರೋ ಆರು ಪಿನ್ನುಗಳು. ವರ್ಷಗಳಲ್ಲಿ ಅವುಗಳ ಮೇಲೆ ಕಿಲುಬಿನ ಪೊರೆ ಕಟ್ಟುತ್ತೆ, ಸಂಪರ್ಕ ಸಡಿಲ ಆಗುತ್ತೆ, ಕ್ಷಣಮಾತ್ರ ವೋಲ್ಟೇಜ್ ಕುಸಿದರೂ ಪ್ರೊಸೆಸರ್ ಮೊದಲಿಂದ ಶುರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪಿನ್ ಒರೆಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಅಕ್ಕನ ಮಷೀನಿನ ಪಿನ್ನುಗಳು ಕಪ್ಪಾಗಿದ್ದವು. ಲೆನ್ಸನ್ನೂ ಅದೇ ಆಲ್ಕೋಹಾಲಿನ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಲೇಸರ್ ಓಡಾಡೋ ಸರಳಿನ ಗಟ್ಟಿಯಾದ ಹಳೇ ಗ್ರೀಸ್ ತೆಗೆದು, ಪ್ಲಾಸ್ಟಿಕ್ಕಿಗೆ ಹೊಂದೋ ಹೊಸದನ್ನ ಸಾಸಿವೆಯಷ್ಟು ಹಚ್ಚಿದೆ. ಡಿಸ್ಕ್ ಓದಿತು.

ಓದದಿದ್ದರೆ ಏನು? ಡ್ರೈವಿನ ಬೋರ್ಡಿನಲ್ಲಿ ಒಂದು ಪುಟ್ಟ ತಿರುಪು ಇದೆ, ಅದನ್ನ ತಿರುಗಿಸಿ ಲೇಸರಿನ ಶಕ್ತಿ ಹೆಚ್ಚಿಸಿ ಅಂತ ಹೇಳೋರು ಬಹಳ ಜನ. ಸಾಯೋ ಕುದುರೆಗೆ ಚಾಟಿ ಹೊಡೆದ ಹಾಗೆ ಅದು. ನಾಲ್ಕು ದಿನ ಓಡುತ್ತೆ, ಆಯಸ್ಸು ಇಳಿಯುತ್ತೆ. ನಾನಾದರೆ ಡ್ರೈವನ್ನೇ ತೆಗೆದು ಜಿಡಿಎಮು ಥರದ ಬೋರ್ಡ್ ಹಾಕ್ತೀನಿ. ಅದು ಎಸ್‌ಡಿ ಕಾರ್ಡಿನಿಂದ ಓದಿ, ನಾನೇ ಡ್ರೈವ್ ಅಂತ ಕನ್ಸೋಲನ್ನ ನಂಬಿಸುತ್ತೆ. ಕೊಳ್ಳೋ ಮೊದಲು ಕನ್ಸೋಲ್ ಬೋರಲು ಹಾಕಿ ಲೇಬಲ್ ನೋಡಿ, ವೃತ್ತದೊಳಗೆ 1 ಅಂತಿದ್ದರೆ ವಿಎ1 ಬೋರ್ಡ್, ಜಿಡಿಎಮು ಅದಕ್ಕೇ ಮಾಡಿದ್ದು. 0 ಅಥವಾ 2 ಇದ್ದರೆ ಬೇರೆ ಬೋರ್ಡ್ ಹುಡುಕಬೇಕು.

ಹಳೇ ಸಪ್ಲೈ ಇಟ್ಟುಕೊಂಡೇ ಡ್ರೈವ್ ತೆಗೆಯೋರಿಗೆ ಒಂದು ಮಾತು. 12 ವೋಲ್ಟ್ ಸಾಲಿನ ಮುಖ್ಯ ಗಿರಾಕಿ ಡ್ರೈವಿನ ಮೋಟರು. ಅದು ಹೋದರೆ ಆ ಸಾಲಿಗೆ ಕೆಲಸವೇ ಇಲ್ಲ. ಇಂಥ ಸಪ್ಲೈಗಳಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹಲವು ಸಾಲು ಹೊರಡ್ತವೆ, ಎಲ್ಲವನ್ನೂ ಒಂದೊಂದಾಗಿ ಕಾಯೋರಿರಲ್ಲ. ಲೋಡ್ ಇಲ್ಲದ ಸಾಲಿನ ವೋಲ್ಟೇಜ್ 12ರಿಂದ ಮೇಲಕ್ಕೆ ತೇಲುತ್ತೆ. ಅದಕ್ಕೇ 470 ಓಮಿನ, 1 ವಾಟಿನ ರೆಸಿಸ್ಟರನ್ನ 12 ವೋಲ್ಟ್ ಮತ್ತು ಗ್ರೌಂಡ್ ನಡುವೆ ಹಾಕೋ ರೂಢಿ. ಅದು 25 ಮಿಲಿಆಂಪಿಯರ್ ಎಳೆಯುತ್ತೆ, 0.3 ವಾಟ್ ಬಿಸಿಯಾಗುತ್ತೆ. ಪ್ಲಾಸ್ಟಿಕ್ಕಿಗೆ ತಾಗದ ಹಾಗೆ ಇಡಿ. ಅಡಾಪ್ಟರ್ ದಾರಿ ಹಿಡಿದರೆ ಈ ತಾಪತ್ರಯ ಇಲ್ಲ.

ಎಸ್‌ಡಿ ಕಾರ್ಡಿಗೆ ಏನು ಹಾಕ್ತೀರಿ ಅನ್ನೋದೂ ಪ್ರಶ್ನೆಯೇ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಎಎ) ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ನ್ಯಾಯವಾಗಿ ನಿಮ್ಮ ಹತ್ತಿರ ಇದ್ದರೆ, ಅದು ಹಾಳಾದೀತು ಅಂತ ಆ ಪ್ರತಿಯಿಂದಲೇ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು. ಊರಿನವರ ಆಟಗಳನ್ನೆಲ್ಲ ಇಳಿಸಿಕೊಳ್ಳೋದು ಇದರಲ್ಲಿ ಬರಲ್ಲ. ಮಾಮೂಲಿ ಪಿಸಿ ಡ್ರೈವ್ ಆ ಹೊರಭಾಗ ಓದೋದಿಲ್ಲ. ಕನ್ಸೋಲಿನ ಸೀರಿಯಲ್ ಪೋರ್ಟಿಗೆ ಎಸ್‌ಡಿ ಅಡಾಪ್ಟರ್ ಹಾಕಿ ಅದರಿಂದಲೇ ನಕಲು ತೆಗೀಬೇಕು, ಒಂದೊಂದು ಡಿಸ್ಕಿಗೂ ಗಂಟೆಗಟ್ಟಲೆ ಹಿಡಿಯುತ್ತೆ. ಅಂದರೆ ಹಳೇ ಡ್ರೈವ್ ಬದುಕಿರೋವಾಗಲೇ ಈ ಕೆಲಸ ಮಾಡಿಕೊಳ್ಳಬೇಕು. ಅಕ್ಕನ ಹತ್ತಿರ ಇರೋ ಡಿಸ್ಕುಗಳ ಪ್ರತಿ ತೆಗೆದಾಗಿದೆ. ಡ್ರೈವನ್ನ ಸದ್ಯಕ್ಕೆ ಹಾಗೇ ಬಿಟ್ಟಿದ್ದೀನಿ.

ಮುಚ್ಚೋ ಮೊದಲು ಕಂಟ್ರೋಲರ್ ಚುಚ್ಚೋ ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ನೋಡಿ. ಗಡಿಯಾರದ ಸಮಯ ನಿಲ್ಲದಿರೋದು ಅದು ಸತ್ತಿರೋದರಿಂದ. ಅದು ಎಂಎಲ್2032, ರೀಚಾರ್ಜ್ ಆಗೋದು. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ಸಿಆರ್2032 ನೋಡೋಕೆ ಅವಳಿ ಥರ ಇರುತ್ತೆ, ಆದರೆ ಅದನ್ನ ಚಾರ್ಜ್ ಮಾಡಬಾರದು, ಈ ಬೋರ್ಡು ಚಾರ್ಜ್ ಮಾಡುತ್ತೆ. ಸೋರಬಹುದು, ಸಿಡಿಯಲೂಬಹುದು. ಎಂಎಲ್ ಸಿಗೋವರೆಗೆ ಆ ಜಾಗ ಖಾಲಿ ಬಿಡಿ. ಪ್ರತಿ ಸಲ ಆನ್ ಮಾಡಿದಾಗ ತಾರೀಖು ಕೇಳುತ್ತೆ, ಕೇಳಲಿ.